ಇಲ್ಲಿ ಬ್ಲೌಸ್ ಒಲಿಯಲಾಗುವುದು

ಟೈಲರಮ್ಮ ತೀರಿಕೊಂಡ ಹನ್ನೊಂದನೆಯ ದಿನ, ಆಕೆಯ ಅಂಗಡಿಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ಊಟಕ್ಕೆ ಕೂತ ಹೆಂಗಸರೆಲ್ಲ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಕೈಕೆಲಸ ಚೊಕ್ಕ, ಕಂಕುಳ ಹತ್ತಿರ ಒಂದು ಸುಕ್ಕು ಬೀಳುತ್ತಿರಲಿಲ್ಲ, ಆದರೆ ಹೇಳಿದ ದಿನಕ್ಕೆ ಒಂದು ಬ್ಲೌಸೂ ಕೊಟ್ಟವಳಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ನಿಯಮ ನಮ್ಮ ಶಿಡ್ಲಘಟ್ಟದಲ್ಲೂ ಇದೆ. ಟೈಲರುಗಳಿಗೆ ಮಾತ್ರ ಅದರಿಂದ ವಿನಾಯಿತಿ. "ಎರಡು ಸಲ ಆಸ್ಪತ್ರೆ ಸೇರಿ ಎದ್ದು ಬಂದಿದ್ಲಲ್ಲ," ಅಂದಳು ನನ್ನ ಪಕ್ಕದಲ್ಲಿ ಪಾಯಸ ಉಣ್ಣುತ್ತಿದ್ದ ಒಬ್ಬಾಕೆ, "ಯಮಂಗೂ ನಾಳೆ ಬಾ ಅಂತ ಹೇಳಿ ವಾಪಸ್ ಕಳ್ಸಿರ್ತಾಳೆ ಬಿಡಿ." ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಮನೆಗೆ ಬಂದು ಇದನ್ನು ಬರೆಯಲು ಕೂತೆ, ಏಕೆಂದರೆ ಆ ಆರೋಪಕ್ಕೆ ಸರಿಯಾದ ಉತ್ತರ ಗೊತ್ತಿರುವ ಇಬ್ಬರು ಮೂವರಲ್ಲಿ ನಾನೂ ಒಬ್ಬಳು.

ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ರೇಷನ್ ಕಾರ್ಡ್ ಬಿಟ್ಟು ಬೇರೆಲ್ಲೂ ಅದು ಬಳಕೆಯಾದದ್ದನ್ನು ನಾನು ನೋಡಲಿಲ್ಲ. ಊರಿಗೆಲ್ಲ ಟೈಲರಮ್ಮ. ಇಲ್ಲೂ ಹಾಗೇ ಇರಲಿ.

ನಮ್ಮಿಬ್ಬರ ಪರಿಚಯ ಆಗಿದ್ದು ಜಗಳದಿಂದ. ಶಿಡ್ಲಘಟ್ಟದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಕನ್ನಡ ಟೀಚರಾಗಿ ನಾನು ಬಂದ ಮೊದಲನೆಯ ವಾರ. ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಬೋರ್ಡು ನೋಡಿ ಕಾಲು ಅಲ್ಲೇ ನಿಂತುಬಿಟ್ಟಿತು. ಹಳದಿ ತಗಡಿನ ಮೇಲೆ ಕೆಂಪು ಅಕ್ಷರ: 'ಲೇಡೀಸ್ ಟೈಲರ್. ಇಲ್ಲಿ ಬ್ಲೌಸ್ ಒಲಿಯಲಾಗುವುದು.'

ನಮ್ಮ ಕಡೆಯವರಿಗೂ ಹಕಾರಕ್ಕೂ ಹಳೆಯ ದ್ವೇಷ. ಹಾಲು ಆಲಾಗುತ್ತದೆ, ಹುಡುಗಿ ಉಡುಗಿಯಾಗುತ್ತಾಳೆ. ಬೇಕಾದ ಕಡೆ ಬಿಟ್ಟ ಹಕಾರವನ್ನು ಬೇಡದ ಕಡೆ ತಂದು ಅಂಟಿಸುವುದೂ ಉಂಟು. ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಬಂಧದಲ್ಲಿ 'ಆಕಾಶದಲ್ಲಿ ಅಕ್ಕಿಗಳು ಹಾರುತ್ತಿದ್ದವು, ಅಮ್ಮ ಮರದಲ್ಲಿ ಹಕ್ಕಿ ಕೇರುತ್ತಿದ್ದಳು' ಎಂದು ಬರೆದಿದ್ದಳು. ಮೊರಕ್ಕೆ ನಮ್ಮ ಕಡೆ ಮರ ಎಂದೇ ಅನ್ನುವುದರಿಂದ ಅದೊಂದು ಸರಿಯಾಗಿಯೇ ಇತ್ತು. ಇಂಥ ತಾಲ್ಲೂಕಿಗೆ ಹಕಾರ ಕಲಿಸಲೆಂದೇ ಹುಟ್ಟಿದವಳು ನಾನು ಎಂಬ ಭ್ರಮೆ ಆ ವಯಸ್ಸಿನಲ್ಲಿ ನನಗಿತ್ತು. ಸೀದಾ ಒಳಗೆ ಹೋದೆ.

"ಏನಮ್ಮ, ಬೋರ್ಡಲ್ಲಿ ತಪ್ಪಾಗಿದೆ. ಒಲಿಯೋದು ಅಂದ್ರೆ ಮನಸ್ಸು ಒಪ್ಪೋದು, ಪ್ರೀತಿ ಬರೋದು. ದೇವರು ಒಲೀತಾನೆ, ಹೆಣ್ಣು ಒಲೀತಾಳೆ. ಬ್ಲೌಸು ಹೊಲಿಯೋದು. ಹಕಾರ ಬರಬೇಕು."

ಆಕೆಯ ತುಟಿಯ ನಡುವೆ ಏಳೆಂಟು ಗುಂಡುಪಿನ್ನುಗಳಿದ್ದವು. ಒಂದೊಂದಾಗಿ ತೆಗೆದು ಮೇಜಿನ ಮೇಲಿನ ಸ್ಪಂಜಿಗೆ ಚುಚ್ಚಿದಳು. ಕೊರಳಲ್ಲಿ ಅಳತೆ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ, ದಾರ ಕಟ್ಟಿದ ಕನ್ನಡಕ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಸಾವಧಾನವಾಗಿ ಹೇಳಿದಳು. "ನಾನೂ ಅದನ್ನೇ ಬರೆಸಿರೋದಲ್ವಾ ಟೀಚರಮ್ಮ. ಒಲಿಯಲಾಗುವುದು."

ಆಕೆಯ ಕಿವಿಗೆ ಎರಡೂ ಒಂದೇ. ನಾನು ಬಿಡಲಿಲ್ಲ. ಪೇಂಟರನ್ನು ಕರೆಸಿ 'ಒ'ದ ಮೇಲೆ 'ಹೊ' ಬರೆಸಿದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹೊಸ ಬಣ್ಣ ಹಪ್ಪಳದಂತೆ ಎದ್ದು ಉದುರಿ, ಅಡಿಯಲ್ಲಿದ್ದ 'ಒ' ಮತ್ತೆ ಕಾಣಿಸಿಕೊಂಡಿತು. ಮತ್ತೆ ಬರೆಸಿದೆ, ಮತ್ತೆ ಉದುರಿತು. "ಬಿಡಿ ಟೀಚರಮ್ಮ," ಅಂದಳು, "ಅದಕ್ಕೆ ಇಷ್ಟ ಇಲ್ಲ."

ಆಕೆ ಕೊಡುತ್ತಿದ್ದ ನೆಪಗಳನ್ನೆಲ್ಲ ಕೂಡಿಹಾಕಿದ್ದರೆ ಒಂದು ನಿಘಂಟು ಆಗುತ್ತಿತ್ತು. ಮ್ಯಾಚಿಂಗ್ ದಾರ ಚಿಕ್ಕಬಳ್ಳಾಪುರದಿಂದ ಬರಬೇಕು. ಮಿಷನ್ ಬೆಲ್ಟ್ ಹರಿದಿದೆ. ಕಾಜಾ ಹಾಕುವವಳ ನಾದಿನಿಗೆ ಹೆರಿಗೆ. ನಮ್ಮ ಯಜಮಾನರು ಕರೆಂಟ್ ಆಫೀಸಿನಲ್ಲಿದ್ದುದರಿಂದ ನನಗೆಂದೇ ಬೇರೆ ನೆಪ ಇತ್ತು. "ನಿಮ್ಮೆಜಮಾನ್ರೇ ಕರೆಂಟ್ ತೆಗೆದವ್ರೆ, ನನ್ನ ಕೇಳಿದ್ರೆ? ಮನೇಲಿ ಕೇಳಿ, ಓಗಿ." ನಾನು ಮನೆಗೆ ಹೋಗಿ ಅವರ ಮೇಲೆ ರೇಗುತ್ತಿದ್ದೆ. ಬ್ಲೌಸಿಗೂ ಕಂಬದ ಮೇಲಿನ ತಂತಿಗೂ ಏನು ಸಂಬಂಧವೆಂದು ಆ ಮನುಷ್ಯನಿಗೆ ಇವತ್ತಿಗೂ ತಿಳಿದಿಲ್ಲ.

ಇಷ್ಟೆಲ್ಲ ಸೋಮಾರಿತನದ ನಡುವೆ ಆಕೆಗೆ ಒಂದು ಕಟ್ಟುನಿಟ್ಟು ಇತ್ತು. ಅಳತೆ ಬ್ಲೌಸ್ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಯಾರಿಗೆ ಬ್ಲೌಸೋ ಅವರೇ ಬರಬೇಕು. ಗೌರಿಬಿದನೂರಿನಿಂದ, ಚಿಂತಾಮಣಿಯಿಂದ ಬಸ್ಸು ಹತ್ತಿ ಬಂದ ತಾಯಂದಿರು ಹಳೆಯ ಬ್ಲೌಸನ್ನು ಚೀಲದಿಂದ ತೆಗೆದು ಗೋಗರೆದರೂ ಅಷ್ಟೇ. "ಓದ್ವರ್ಷದ ಮೈ ಈ ವರ್ಷ ಇರತ್ತೇನಮ್ಮ? ಉಡುಗೀನ ಕರ್ಕೊಂಡು ಬಾ." ಅಳತೆ ತೆಗೆಯುವ ಮೂಲೆಗೆ ಹಳೇ ಸೀರೆಯ ಪರದೆ. ಅದರೊಳಗೆ ಇಬ್ಬರಿಗಷ್ಟೇ ಜಾಗ. ಅಮ್ಮ, ಅತ್ತೆ, ಸೋದರತ್ತೆ ಎಲ್ಲರೂ ಹೊರಗಿನ ಸ್ಟೂಲಿನ ಮೇಲೆ. ನನ್ನಂಥವರ ಅಳತೆ ಎರಡು ನಿಮಿಷಕ್ಕೆ ಮುಗಿದರೆ ಮದುವೆ ಹುಡುಗಿಯರದು ಹತ್ತು ನಿಮಿಷ. ಒಳಗೆ ಸೀರೆ ಒಡವೆಯ ಹರಟೆ ನಡೆಯುತ್ತದೆ ಎಂದುಕೊಂಡಿದ್ದೆ. ನನಗೂ ಸ್ವಲ್ಪ ಹೊಟ್ಟೆಕಿಚ್ಚೇ.

ವಿಷಯ ಗೊತ್ತಾದದ್ದು ಒಂದು ಚೈತ್ರದಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿ, ಆಗ ತಾನೇ ಡಿಗ್ರಿ ಮುಗಿಸಿದವಳು, ಅವಳ ಮದುವೆ ಬ್ಲೌಸಿಗೆ ಅವಳಮ್ಮ ದಿನವೂ ಅಂಗಡಿಗೆ ಅಲೆಯುತ್ತಿದ್ದಳು. ಪ್ರತಿ ದಿನ ಒಂದೇ ಉತ್ತರ: "ಲೈನಿಂಗ್ ಬಟ್ಟೆ ಮೊದಲೇ ಕುಗ್ಗಲಿ ಅಂತ ನೆನೆಆಕಿದ್ದೆ, ಇನ್ನೂ ಒಣಗಿಲ್ಲ." ಮರೆಯಲ್ಲಿ ನಿಂತು ನಾನು ಕೇಳಿಸಿಕೊಂಡೆ. ಆ ತಾಯಿ ಹೋದ ಮೇಲೆ ಕೇಳಿದೆ. "ಈ ಬಿಸಿಲಿಗೆ ಹಪ್ಪಳ ಅರ್ಧ ಗಂಟೇಲಿ ಒಣಗತ್ತೆ. ಎಂಟು ದಿನಕ್ಕೂ ಒಣಗದ ಲೈನಿಂಗ್ ಯಾವುದು ಟೈಲರಮ್ಮ?"

"ಕೆಲವು ಬಟ್ಟೆ ಅಂಗೇ. ಒಳಗೆ ಒದ್ದೆ."

ನಾನು ಅಲ್ಲಾಡದೆ ಕೂತೆ. ಆಕೆ ಮಿಷನ್ ನಿಲ್ಲಿಸಿ ಕನ್ನಡಕ ತೆಗೆದಳು. "ಉಡುಗಿಗೆ ಇಷ್ಟ ಇಲ್ಲ ಟೀಚರಮ್ಮ. ಮನೇಲಿ ಯಾರೂ ಕೇಳಿಲ್ಲ. ನಾನು ಒಳಗೆ ಕೇಳ್ದೆ, ಬೇಡ ಅಂದ್ಳು."

ಪ್ರತಿ ಮದುವೆ ಹುಡುಗಿಯನ್ನೂ ಆಕೆ ಪರದೆಯೊಳಗೆ ಕೇಳುತ್ತಿದ್ದಳಂತೆ. ಕನ್ನಡದವಳಾದರೆ "ಒಪ್ಪಿಗೆ ಏನಮ್ಮ?" ತೆಲುಗಿನವಳಾದರೆ "ಇಷ್ಟಮೇನಾಮ್ಮಾ?" ಒಪ್ಪಿಗೆಯಿದ್ದರೆ ಬೇರೆ ಸಾವಿರ ನೆಪಗಳಿಂದ ತಡವಾಗುತ್ತಿತ್ತು, ಅದು ಆಕೆಯ ಜಾಯಮಾನ. ಒಪ್ಪಿಗೆಯಿಲ್ಲದಿದ್ದರೆ ಮಾತ್ರ ಲೈನಿಂಗ್ ಒಣಗುತ್ತಿರಲಿಲ್ಲ.

"ಬ್ಲೌಸ್ ತಡ ಆದ್ರೆ ಮದುವೆ ನಿಲ್ಲತ್ತಾ?" ಅಂದೆ.

"ಎಲ್ಲಿ ನಿಲ್ಲತ್ತೆ. ಮಾತು ಬರತ್ತೆ ಅಷ್ಟೇ. ಮನೇಲಿ ಎಲ್ಲರೂ ಸೇರ್ಕೊಂಡು ನನ್ನ ಬೈತಾರೆ. ಬೈತಾ ಬೈತಾ ಮದುವೆ ಮಾತು ನಾಲಿಗೆ ಮೇಲೆ ಬರತ್ತೆ. ಉಡುಗಿಗೂ ಒಂದು ಬಾಯಿದೆಯಲ್ಲ, ಅವಳಿಗೂ ಒಂದು ಸಂದು ಸಿಗತ್ತೆ. ಬೈಸ್ಕೊಳಕ್ಕೇನು, ನಂಗೆ ಅಭ್ಯಾಸ."

ಆ ಹುಡುಗಿಗೆ ಸಂದು ಸಿಕ್ಕಿತು. ಬ್ಯಾಂಕ್ ಪರೀಕ್ಷೆ ಬರೆದು ಈಗ ಬಾಗೇಪಲ್ಲಿಯಲ್ಲಿ ಕೆಲಸದಲ್ಲಿದ್ದಾಳೆ. ಇನ್ನು ಕೆಲವರಿಗೆ ಸಂದು ಸಿಕ್ಕರೂ ಬಾಯಿ ಬರುತ್ತಿರಲಿಲ್ಲ. ಮನೆಯವರು ಬೇರೆ ಟೈಲರ್ ಹತ್ತಿರ ಹೊಲಿಸಿ ಮದುವೆ ಮಾಡಿ ಮುಗಿಸುತ್ತಿದ್ದರು. ಅಂಥ ದಿನ ಟೈಲರಮ್ಮ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಈ ಅಭ್ಯಾಸ ಶುರುವಾದದ್ದು ಹೇಗೆಂದು ತಿಳಿದದ್ದು ಆಮೇಲೆ, ಅದೂ ನನ್ನ ಹಕಾರದ ದೆಸೆಯಿಂದ. ಒಂದು ಸಂಜೆ ಕೀಟಲೆ ಮಾಡುತ್ತ, "ಒಂದೇ ಒಂದು ಸಲ ಹೇಳಿ ನೋಡಣ, ಹೂಂ ಅಂತ," ಎಂದೆ. "ಊಂ," ಅಂದಳು. "ಊಂ ಅಲ್ಲ, ಹೂಂ." "ಊಂ." "ಸರಿ, ಬೇಡ ಅನ್ನಕ್ಕೆ ಏನಂತೀರ?" "ಊ-ಊಂ." ಎರಡರ ನಡುವೆ ಒಂದು ಉಸಿರಿನ ವ್ಯತ್ಯಾಸ. ನನಗೆ ನಗು ತಡೆಯಲಾಗಲಿಲ್ಲ. ಆಕೆ ನಗಲಿಲ್ಲ.

"ನಗಬೇಡಿ ಟೀಚರಮ್ಮ. ಒಂದು ಉಡುಗಿ ಬಾಳು ಅದರಲ್ಲೇ ಓಯ್ತು."

ಆಕೆ ಅಂಗಡಿ ಇಟ್ಟ ಹೊಸತು. ಚಿಂತಾಮಣಿ ಕಡೆಯ ಹುಡುಗಿ ಅಳತೆಗೆ ನಿಂತಿದ್ದಾಳೆ. ಮಾತಿಗೆ ಮಾತು ಅಂತ, ಸುಮ್ಮನೆ, "ಗಂಡು ಒಪ್ಪಿಗೆ ಏನಮ್ಮ?" ಎಂದು ಟೈಲರಮ್ಮ ಕೇಳಿದಳು. ಬಾಯಲ್ಲಿ ಪಿನ್ನು, ಪಕ್ಕದಲ್ಲಿ ರೇಷ್ಮೆ ನೂಲು ತೆಗೆಯುವ ಮಿಷನ್ನಿನ ಸದ್ದು. ಹುಡುಗಿ ಏನೋ ಅಂದಳು. ಊಂ ಅಂದ ಹಾಗೆ ಕೇಳಿಸಿತು. "ಒಳ್ಳೇದಾಯ್ತು ಬಿಡು," ಅಂದು ಹೇಳಿದ ದಿನಕ್ಕೇ ಹೊಲಿದು ಕೊಟ್ಟಳು. ಬಹುಶಃ ಜೀವನದಲ್ಲಿ ಅದೊಂದೇ ಸಲ.

ಮೂರು ವರ್ಷದ ಮೇಲೆ ಅದೇ ಹುಡುಗಿ ಅದೇ ಬ್ಲೌಸು ಹಿಡಿದುಕೊಂಡು ಬಂದಳು. ಎರಡೂ ಕಡೆ ಎರಡೆರಡು ಇಂಚು ಹಿಡಿಯಬೇಕಿತ್ತು. ಅಷ್ಟು ಇಳಿದುಹೋಗಿದ್ದಳು. ಗಂಡನ ಮನೆ ಬಿಟ್ಟು ಬಂದಿದ್ದಳು. ಟೈಲರಮ್ಮ ಅಳತೆ ಹಿಡಿಯುತ್ತಿರುವಾಗ ಅವಳಾಗಿಯೇ ಅಂದಳಂತೆ. "ಅಕ್ಕ, ನಮ್ಮನೇಲಿ ಯಾರೂ ನನ್ನ ಕೇಳ್ಲಿಲ್ಲ. ನೀವೊಬ್ರೇ ಕೇಳಿದ್ರಿ. ನಾನು ಬೇಡ ಅಂದೆ. ನಿಮಗೆ ಕೇಳಿಸ್ಲಿಲ್ಲ."

ಇದನ್ನು ಹೇಳಿ ಟೈಲರಮ್ಮ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. "ಅವತ್ತಿಂದ ಊಂ ತಗೊಳ್ಳಲ್ಲ ನಾನು. ಪೂರ್ತಿ ಮಾತು ಬೇಕು. ಒಪ್ಪಿಗೆ ಇದೆ ಅನ್ಬೇಕು, ಇಲ್ಲ ಬೇಡ ಅನ್ಬೇಕು. ನೀವು ಅಕಾರ ಕೇಳೋದು ಮಾರ್ಕ್ಸಿಗೆ, ನಾನು ಕೇಳೋದು ಅವರ ಬಾಳಿಗೆ." ಅದು ಅಕಾರವಲ್ಲ, ಹಕಾರ ಎಂದು ತಿದ್ದುವ ಧೈರ್ಯ ನನಗೆ ಬರಲಿಲ್ಲ.

ಪಕ್ಕದ ನೂಲು ತೆಗೆಯುವ ಮನೆಯ ಶಾಹಿನಾ ಆಕೆಯ ಜೀವದ ಗೆಳತಿ. ಅಲೀಪುರದ ತವರಿನವಳು. ಇಬ್ಬರೂ ಸಂಜೆ ಹೊತ್ತು ಗಲ್ಲಿಯ ಕಟ್ಟೆಯ ಮೇಲೆ ಕೂತು ಲೋಕದ ಮದುವೆಗಳ ತೀರ್ಮಾನ ಮಾಡುತ್ತಿದ್ದರು. "ನಿಮ್ಮೋರೇ ವಾಸಿ ಕಣಮ್ಮ," ಅಂತ ಟೈಲರಮ್ಮ ಒಂದು ದಿನ ಶುರುಮಾಡಿದಳು. "ನಿಖಾದಲ್ಲಿ ಒಪ್ಪಿಗೆ ಅಂತ ಉಡುಗಿ ಬಾಯಿಂದಾನೇ ಏಳಿಸ್ತೀರ. ನಮ್ಮಲ್ಲಿ ಓಲಗದೋರನ್ನ ಕೇಳ್ತಾರೆ, ಅಡುಗೆಯೋರನ್ನ ಕೇಳ್ತಾರೆ, ಚಪ್ಪರದೋನನ್ನ ಕೇಳ್ತಾರೆ. ನನ್ನ ಮದುವೇಲಿ ನನ್ನ ಕೇಳಿದ್ದು ಒಂದೇ ಮಾತು. ಮೂಗುಬೊಟ್ಟು ಎಡಕ್ಕೋ ಬಲಕ್ಕೋ ಅಂತ."

ಶಾಹಿನಾ ಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಂದಳು. "ಕೇಳೋದೇನೋ ಕೇಳ್ತಾರೆ ಅಕ್ಕ. ಪಕ್ಕದಲ್ಲಿ ಅಮ್ಮೀಜಾನ್ ತೊಡೆ ಚಿವುಟ್ತಾ ಕೂತಿರ್ತಾಳೆ, ಅದನ್ನ ಯಾರು ಬರ್ಕೊಳ್ತಾರೆ?" ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಟೈಲರಮ್ಮನ ಮದುವೆ ಸೋದರಮಾವನ ಜೊತೆ ಆದದ್ದು. ಆತ ಒಳ್ಳೆಯ ಮನುಷ್ಯ. ಹೊಲಿಗೆ ಮಿಷನ್ ತಂದುಕೊಟ್ಟವನೇ ಅವನು. ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಆಕೆ ಅವನ ಮಾತೆತ್ತಿದರೆ ದನಿ ಮೆತ್ತಗಾಗುತ್ತಿತ್ತು. ಆದರೂ ಲೆಕ್ಕ ಬಿಡುತ್ತಿರಲಿಲ್ಲ. "ಒಳ್ಳೇವ್ನೇ ಸಿಕ್ಕಿದ. ಸಿಕ್ಕಿದ್ದು ಟೀಚರಮ್ಮ, ನಾನು ಆರಿಸಿದ್ದಲ್ಲ. ಅದೃಷ್ಟಕ್ಕೂ ಒಪ್ಪಿಗೆಗೂ ವ್ಯತ್ಯಾಸ ಇಲ್ವಾ?" ಮೊದಲೆಲ್ಲ ಮದುವೆಗೆ ಒಂದು ಬ್ಲೌಸು ಹೊಲಿಸುತ್ತಿದ್ದರಂತೆ. ಈಗ ನಿಶ್ಚಿತಾರ್ಥಕ್ಕೊಂದು, ಅರಿಶಿನಕ್ಕೊಂದು, ರಿಸೆಪ್ಷನ್ನಿಗೊಂದು, ಮುಹೂರ್ತಕ್ಕೊಂದು, ನಂದಿ ಬೆಟ್ಟದ ತಪ್ಪಲಲ್ಲಿ ಫೋಟೋ ತೆಗೆಸಿಕೊಳ್ಳಲು ಬೆನ್ನಿಲ್ಲದ್ದು ಇನ್ನೊಂದು. "ಬ್ಲೌಸು ಐದಾಯ್ತು, ಕೇಳೋ ಮಾತು ಒಂದೂ ಆಗ್ಲಿಲ್ಲ," ಎಂದು ಗೊಣಗುತ್ತಿದ್ದಳು.

ಇಂಥದೇ ಒಂದು ಹೊತ್ತಿನಲ್ಲಿ ನನ್ನನ್ನೂ ಕೇಳಿದಳು. "ನಿಮ್ಮನ್ನ ಕೇಳಿದ್ರಾ ಟೀಚರಮ್ಮ?" ಅಪ್ಪ ಹುಡುಗನ ಹೆಸರು, ಊರು, ಕೆಲಸ ಹೇಳಿದ್ದರು. ಅದು ಸುದ್ದಿಯಾಗಿತ್ತೇ ಹೊರತು ಪ್ರಶ್ನೆಯಾಗಿರಲಿಲ್ಲ. ಅಂದು ಮನೆಗೆ ಹೋಗಿ ಯಜಮಾನರ ಮುಂದೆ ಕೂತು, "ನಮ್ಮ ಮದುವೆಗೆ ನನ್ನ ಯಾರೂ ಕೇಳಲೇ ಇಲ್ಲ, ಗೊತ್ತಾ?" ಅಂದೆ. ಅವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟು, "ನನ್ನೂ ಕೇಳ್ಲಿಲ್ಲ ಕಣೇ," ಅಂದರು. ಇಪ್ಪತ್ತೈದು ವರ್ಷ ಇಬ್ಬರೂ ಪಾಪ ಸುಮ್ಮನೆ ಇದ್ದುಬಿಟ್ಟಿದ್ದೆವು.

ಇದೆಲ್ಲ ಗೊತ್ತಿದ್ದವಳು ನಾನು. ಗೊತ್ತಿದ್ದೂ ಮಾಡಿದ್ದು ಏನೆಂದು ಈಗ ಹೇಳಬೇಕು.

ನಮ್ಮದು ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆ. ನಮ್ಮಪ್ಪ ಕೂಲಿ ಮಾಡಿ ನನ್ನನ್ನು ಓದಿಸಿದವರು. ನನ್ನ ಮಗಳು ಕಾಲೇಜಿನಲ್ಲಿದ್ದಾಗ ಒಬ್ಬ ಹುಡುಗನನ್ನು ಮೆಚ್ಚಿದಳು. ನಗರಗೆರೆ ಹೋಬಳಿಯಲ್ಲಿ ತೋಟ ಜಮೀನು ಇರುವವರ ಮನೆಯವನು. ಅವರ ಊರಿಗೂ ನಮ್ಮ ಕೇರಿಗೂ ನಡುವೆ ಎಷ್ಟು ತಲೆಮಾರಿನ ದೂರವಿದೆ ಎಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ನಾಲ್ಕು ವರ್ಷ ನಾನು ಹೋರಾಡಿದೆ. ಹುಡುಗನ ದೊಡ್ಡಪ್ಪನನ್ನು ಒಪ್ಪಿಸಿದೆ, ನಮ್ಮ ಕಡೆ ಮುನಿಸಿಕೊಂಡವರನ್ನು ಒಪ್ಪಿಸಿದೆ. ಕೊನೆಗೆ ಒಂದು ದಿನ ಹುಡುಗನ ಅಪ್ಪ ನಮ್ಮ ಮನೆಗೆ ಬಂದು, ಬುದ್ಧನ ಪಟದ ಕೆಳಗೆ ಕೂತು, ನಾನು ಮಾಡಿದ ಕಾಫಿ ಕುಡಿದರು. ಸ್ಟಾಫ್ ರೂಮಿನಲ್ಲಿ ಒಂದು ತಿಂಗಳು ಅದೇ ಮಾತು ಆಡಿದೆ. ನನ್ನಷ್ಟು ಮುಂದುವರಿದ ತಾಯಿ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಚಿಕ್ಕಬಳ್ಳಾಪುರದಲ್ಲಿ ಛತ್ರ ಗೊತ್ತಾಯಿತು, ಪತ್ರಿಕೆ ಹಂಚಿದ್ದಾಯಿತು. ಹಸಿರು ರೇಷ್ಮೆಯ ಬ್ಲೌಸ್ ಬಟ್ಟೆಯನ್ನು ಟೈಲರಮ್ಮನಿಗೆ ಕೊಟ್ಟು, ಮಗಳ ಅಳತೆ ಕೊಡಿಸಿದೆ. ಆಮೇಲೆ ಎರಡು ಸಲ ಆಕೆ "ಅಳತೆ ಸರಿ ಬರ್ಲಿಲ್ಲ, ಮತ್ತೆ ಕಳ್ಸಿ," ಅಂತ ಕರೆಸಿಕೊಂಡಳು. ಮದುವೆಗೆ ಹತ್ತು ದಿನ ಇರುವಾಗ ನಾನೇ ಹೋದೆ.

ಟೈಲರಮ್ಮ ತಲೆಯೆತ್ತಲಿಲ್ಲ. "ಲೈನಿಂಗ್ ಒಣಗಿಲ್ಲ ಟೀಚರಮ್ಮ."

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಹತ್ರಾನೇ ಈ ಆಟ ಆಡ್ಬೇಡಿ. ಅವಳೇ ಆರಿಸ್ಕೊಂಡ ಹುಡುಗ. ನಾವ್ಯಾರೂ ಬಲವಂತ ಮಾಡಿಲ್ಲ. ನಾಲ್ಕು ವರ್ಷ ಇದಕ್ಕಾಗಿ ಜೀವ ತೇದಿದೀನಿ."

"ಔದು. ಒಣಗಿಲ್ಲ."

"ಬಟ್ಟೆ ಕೊಡಿ. ಬೇರೆ ಕಡೆ ಹೊಲಿಸ್ತೀನಿ."

ಆಕೆ ಎದ್ದು ಕಪಾಟಿನಿಂದ ಪೊಟ್ಟಣ ತಂದು ಮೇಜಿನ ಮೇಲಿಟ್ಟಳು. "ತಗೊಂಡೋಗಿ. ಒಲಿಗೆ ಎಲ್ಲಾದ್ರೂ ಆಗತ್ತೆ." ನಾನು ಪೊಟ್ಟಣ ಮುಟ್ಟದೆ ಬಂದುಬಿಟ್ಟೆ.

ಎರಡು ದಿನ ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಮೂರನೆಯ ದಿನ ಬೆಳಗ್ಗೆ ಮಗಳು ತಲೆ ಬಾಚಿಕೊಳ್ಳುತ್ತಿದ್ದಾಗ ಕೇಳಿದೆ. "ನಿಂಗೆ ಒಪ್ಪಿಗೇನೇ ತಾನೆ? ಇಷ್ಟೆಲ್ಲ ಆದ್ಮೇಲೆ ಒಪ್ಪಿಗೆ ಇಲ್ದೆ ಏನು?" ಇದು ಪ್ರಶ್ನೆಯಲ್ಲ ಎಂದು ಹತ್ತನೇ ಕ್ಲಾಸಿನ ಹುಡುಗಿಯೂ ಹೇಳುತ್ತಾಳೆ. ವ್ಯಾಕರಣ ಕಲಿಸಿದವಳಿಗೆ ಹೊಳೆಯಲಿಲ್ಲ. ಮಗಳು ಕನ್ನಡಿಯತ್ತಲೇ ನೋಡುತ್ತ, "ಊಂ," ಅಂದಳು.

ನಾನು ಚಪ್ಪಲಿ ಮೆಟ್ಟಿಕೊಂಡು ಗಲ್ಲಿಗೆ ಓಡಿದೆ. "ಕೇಳ್ದೆ. ಊಂ ಅಂದ್ಳು. ಈಗ ಹೊಲೀರಿ."

ಟೈಲರಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಆ ದನಿಯಲ್ಲಿ ಕೋಪ ಇರಲಿಲ್ಲ, ಕೊಂಚ ಕೀಟಲೆಯೇ ಇತ್ತು. "ಟೀಚರಮ್ಮ, ಅಕಾರದ ಟೀಚರು ನೀವು. ಯಾವ ಊಂ?"

ಗಲ್ಲಿಯ ತುದಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ದಾರಿಯುದ್ದಕ್ಕೂ ಆ 'ಊಂ' ನನ್ನ ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತಿತ್ತು. ಅದರ ನಡುವೆ ಒಂದು ಉಸಿರು ಇತ್ತೇ, ಇರಲಿಲ್ಲವೇ? ಮಗಳ ಕೋಣೆಗೆ ಹೋಗಿ ನೆಲದ ಮೇಲೆ ಕೂತೆ. ನಿಂತು ಕೇಳಿದರೆ ಟೀಚರ್ ದನಿ ಬರುತ್ತದೆಂದು ಭಯವಾಗಿತ್ತು. "ನಿಂಗೆ ಈ ಮದುವೆ ಬೇಕಾ, ಬೇಡ್ವಾ? ಯಾವುದಂದ್ರೂ ನಾನು ಏನೂ ಅನ್ನಲ್ಲ," ಅಂದೆ.

ಅವಳೂ ಬಂದು ನನ್ನೆದುರು ನೆಲದ ಮೇಲೆ ಕೂತಳು. ಆಮೇಲೆ, "ಬೇಡಮ್ಮ," ಅಂದಳು.

"ಅವನು ಕೆಟ್ಟವನಲ್ಲ," ಎಂದು ಅವಳೇ ಮುಂದುವರಿಸಿದಳು. "ಆದ್ರೆ ದಿನಾ ಒಂದೇ ಹೇಳ್ತಾನೆ. ನಮ್ಮಪ್ಪನ್ನ ಒಪ್ಪಿಸಿದೀನಿ, ನಮ್ಮಜ್ಜೀನ ಒಪ್ಪಿಸಿದೀನಿ, ಅವರು ಇಷ್ಟು ಬಗ್ಗಿದಾರೆ, ನೀನೂ ಸ್ವಲ್ಪ ಬಗ್ಗು ಅಂತ. ಪತ್ರಿಕೇಲಿ ಬುದ್ಧನ ಚಿತ್ರ ಬೇಡ ಅಂದ, ಬಿಟ್ಟೆ. ಅವರ ಊರಿನ ಕಡೆ ನೆಂಟರ ಮುಂದೆ ನಮ್ಮೂರ ಹೆಸರು ಹೇಳ್ಬೇಡ ಅಂದ. ಕೆಲಸ ಬಿಡು ಅಂದ. ನಾನು ಒಪ್ಪಿದ್ದು ನಾಲ್ಕು ವರ್ಷದ ಹಿಂದೆ ಅಮ್ಮ. ಎಲ್ಲರೂ ಆ ಹಳೇ ಅಳತೇಲೇ ಹೊಲೀತಿದೀರ."

"ನಂಗೆ ಮೊದಲೇ ಹೇಳ್ಬಾರ್ದಿತ್ತಾ?"

"ನೀನು ಅಷ್ಟು ಖುಷಿಯಾಗಿದ್ದೆಯಲ್ಲ," ಅಂದಳು.

ಆ ಮಾತಿಗೆ ನನಗೆ ಅಳು ಬಂತು. ಎ‌ರಡು ಊರನ್ನು ಒಪ್ಪಿಸಿದವಳು ನಾನು. ಕೇಳದೆ ಬಿಟ್ಟದ್ದು ಇವಳೊಬ್ಬಳನ್ನೇ.

ಮದುವೆ ನಿಂತಿತು. ಏನೇನು ಮಾತು ಬಂತೋ ಬಿಡಿ. ಹುಡುಗನ ಕಡೆಯವರು ಅವಮಾನವಾಯಿತು ಅಂದರು. ನಮ್ಮ ಕಡೆಯವರು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರು. ಸ್ಟಾಫ್ ರೂಮಿನಲ್ಲಿ ಯಾರೂ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ. ಯಜಮಾನರು ಮಾತ್ರ ಛತ್ರದವರಿಗೆ ಹೇಳಿಬರಲು ಹೊರಟವರು ಬಾಗಿಲಲ್ಲಿ ನಿಂತು ಮಗಳ ತಲೆ ಸವರಿ, "ನಿನ್ನಾದ್ರೂ ಕೇಳಿದ್ರಲ್ಲ ಪುಟ್ಟಮ್ಮ," ಅಂದು ಹೋದರು.

ಮುಂದಿನ ಎರಡು ವರ್ಷ ನಾನು ಆ ಹಸಿರು ಬಟ್ಟೆಯ ಸುದ್ದಿ ಎತ್ತಲಿಲ್ಲ, ಟೈಲರಮ್ಮನೂ ಎತ್ತಲಿಲ್ಲ. ನನ್ನ ಬ್ಲೌಸುಗಳು ಎಂದಿನಂತೆ ತಡವಾಗುತ್ತಿದ್ದವು. ದಾರ, ಬೆಲ್ಟು, ಕಾಜಾ, ಕರೆಂಟು. ಲೈನಿಂಗ್ ಎಂಬ ಮಾತು ಮಾತ್ರ ನನ್ನ ಮುಂದೆ ಆಕೆ ಆಡಲಿಲ್ಲ. ಮಗಳು ಗೌರಿಬಿದನೂರಿನಲ್ಲಿ ತೋಟಗಾರಿಕೆ ಇಲಾಖೆಯ ಕೆಲಸದಲ್ಲಿದ್ದಾಳೆ. ನಗುತ್ತಾಳೆ, ಊಟ ಮಾಡುತ್ತಾಳೆ, ನನ್ನ ಜೊತೆ ಜಗಳ ಆಡುತ್ತಾಳೆ.

ಹನ್ನೊಂದನೆಯ ದಿನದ ಊಟ ಮುಗಿದ ಮೇಲೆ ಶಾಹಿನಾ ಕೈಹಿಡಿದು ನನ್ನನ್ನು ಅಂಗಡಿಯೊಳಗೆ ಕರೆದುಕೊಂಡು ಹೋದಳು. ಬೋರ್ಡನ್ನು ಇಳಿಸಿ ಗೋಡೆಗೆ ಒರಗಿಸಿದ್ದರು. ನಾನು ಬರೆಸಿದ 'ಹೊ' ಪೂರ್ತಿ ಉದುರಿತ್ತು. "ನಿಮ್ದು ಒಂದು ಉಳಿದಿದೆ ಟೀಚರಮ್ಮ," ಎಂದು ಪೊಟ್ಟಣ ಕೊಟ್ಟಳು. ಮನೆಗೆ ಬಂದು ಬಿಚ್ಚಿದೆ. ಹಸಿರು ರೇಷ್ಮೆ, ಕತ್ತರಿ ತಾಗದ್ದು. ಅದಕ್ಕೆ ಗುಂಡುಪಿನ್ನು ಹಾಕಿ ಚುಚ್ಚಿದ ಅಳತೆ ಚೀಟಿ. ಎದೆ, ಸೊಂಟ, ತೋಳು, ಎಲ್ಲ ಬರೆದಿತ್ತು. ಕೆಳಗೆ ಸೀಸದ ಕಡ್ಡಿಯಲ್ಲಿ, ಆಕೆಯ ಗುಂಡಗಿನ ಅಕ್ಷರದಲ್ಲಿ ಮೂರು ಸಾಲು:

ಮೊದಲ್ನೆ ಸಲ ಸುಮ್ನಿದ್ಲು.
ಎರಡ್ನೆ ಸಲ ಊಂ. ಲೆಕ್ಕಕ್ಕಿಲ್ಲ.
ಮೂರ್ನೆ ಸಲ ಬೇಡ ಅಂದ್ಲು. ಅಮ್ಮಂಗೆ ಏಳಕ್ಕೆ ಬಯ ಅಂತೆ. ಉಡುಗಿ ಒಲಿದಿಲ್ಲ. ಒಲಿಯಬಾರ್ದು.

ಮೂವತ್ತು ವರ್ಷದ ಅಭ್ಯಾಸ. ಕೈ ತಾನಾಗಿಯೇ ಮೇಜಿನ ಮೇಲಿದ್ದ ಕೆಂಪು ಪೆನ್ನಿಗೆ ಹೋಯಿತು. ಮೊದಲನೆಯ 'ಒಲಿ'ಗೆ ಹಕಾರ ಬೇಡ, ಎರಡನೆಯದಕ್ಕೆ ಬೇಕು. 'ಬಯ'ಕ್ಕೆ ಮಹಾಪ್ರಾಣ ಬೇಕು. ಪೆನ್ನಿನ ಮುಚ್ಚಳ ತೆಗೆದೆ. ಆ ಭಯ ಹುಟ್ಟಿಸಿದ 'ಅಮ್ಮ'ನ ಕಾಗುಣಿತ ಮಾತ್ರ ಸರಿಯಾಗಿಯೇ ಇತ್ತು. ಮುಚ್ಚಳ ಹಾಕಿ ಪೆನ್ನು ಒಳಗಿಟ್ಟೆ.